ಗುಂಡನಿಗೆ ಲಿಂಫೋಮಾ ಅಂತೆ, ನಾಯಿಗೆ ನಾಟಿ ಔಷಧಿ ಕೊಟ್ಟೋರು ಯಾರಾದ್ರೂ ಇದೀರಾ?

ಗುಂಡನಪ್ಪ_ದಾವಣಗೆರೆ
ಎಲ್ರಿಗೂ ನಮಸ್ಕಾರ. ನಮ್ ಲ್ಯಾಬ್ರಡಾರ್ ಗುಂಡ, 9 ವರ್ಷ, 34 ಕೆಜಿ. ಹೋದ ತಿಂಗಳು ಸ್ನಾನ ಮಾಡ್ಸುವಾಗ ದವಡೆ ಕೆಳಗೆ ಎರಡೂ ಕಡೆ ನಿಂಬೆಹಣ್ಣಿನಷ್ಟು ದಪ್ಪ ಗಂಟು ಕೈಗೆ ಸಿಕ್ತು, ಹಲ್ಲು ಏನೋ ಆಗಿರ್ಬೇಕು ಅಂತ ಸುಮ್ನಿದ್ವಿ, ವಾರ ಬಿಟ್ಟು ನೋಡಿದ್ರೆ ಹಿಂಗಾಲಿನ ಮಂಡಿ ಹಿಂದೇನೂ ಅದೇ ಥರ. ಸೂಜಿ ಹಾಕಿ ಟೆಸ್ಟ್ ಮಾಡಿದ್ರು. ಲಿಂಫೋಮಾ, ಅಂದ್ರೆ ದುಗ್ಧಗ್ರಂಥಿಯ ಕ್ಯಾನ್ಸರ್. ಇಲ್ಲಿನ ಡಾಕ್ಟ್ರು ಬೆಂಗಳೂರಿಗೆ ಕರ್ಕೊಂಡೋಗಿ ಕೀಮೋ ಮಾಡ್ಸಿ ಅಂತಾರೆ, ಹೆಚ್ಚುಕಮ್ಮಿ ವಾರಕ್ಕೊಂದು ಸಲದಂಗೆ ಐದಾರು ತಿಂಗಳು. ನಾನು ಮಂಡಿಲಿ ಲೆಕ್ಕ ಬರಿಯೋನು, ವಾರಕ್ಕೊಂದು ದಿನ ರಜ ಯಾರು ಕೊಡ್ತಾರೆ ಹೇಳಿ. ದುಡ್ಡಿನ ಮಾತು ಬೇರೆ. ಅದಕ್ಕಿಂತ ಹೆಚ್ಚಾಗಿ ನಮ್ಮಮ್ಮಂಗೆ ಕೀಮೋ ಕೊಡ್ಸಿದ್ದು ಕಣ್ಣಾರೆ ನೋಡಿದೀನಿ, ಕೊನೆಕೊನೆಗೆ ನೀರು ಕುಡಿದ್ರೂ ವಾಂತಿ. ಆ ಹಿಂಸೆ ಮೂಕಪ್ರಾಣಿಗೆ ಕೊಡೋಕೆ ಮನ್ಸಿಲ್ಲ. ಆಯುರ್ವೇದ, ಹೋಮಿಯೋಪತಿ, ನಾಟಿ, ಏನಾದ್ರೂ ಕೊಟ್ಟು ಗುಣ ಆಗಿರೋರು ಇದ್ರೆ ಹೇಳಿ ಪ್ಲೀಸ್.

ಶಿರಸಿ_ಹೆಗಡೆ
ಅಣ್ಣ, ಧೈರ್ಯವಾಗಿರಿ. ನಮ್ಮನೆ ಮರಿಗೆ ಬಾಯಿ ತುಂಬ ಹೂಕೋಸಿನ ಥರ ಗಂಟು ಎದ್ದಿತ್ತು, ನೋಡಿದೋರೆಲ್ಲ ಕ್ಯಾನ್ಸರ್ ಅಂದ್ರು. ಹೋಮಿಯೋಪತಿಲಿ ಥೂಜಾ ಕೊಟ್ವಿ, ಎರಡು ತಿಂಗಳಲ್ಲಿ ಬಾಯಿ ಕ್ಲೀನ್. ಒಂದು ರೂಪಾಯಿ ಆಪರೇಷನ್ ಖರ್ಚಿಲ್ಲ.

ಸಾವಯವ_ಶಂಕ್ರಣ್ಣ
ಕೀಮೋ ಅಂದ್ರೆ ವಿಷ, ಅದನ್ನ ಬಿಟ್ಟಿದ್ದು ಒಳ್ಳೇದೇ ಆಯ್ತು. ಲಕ್ಷ್ಮಣಫಲದ ಎಲೆ ಕಷಾಯ ಬೆಳಗ್ಗೆ ಸಂಜೆ, ಗೋಮೂತ್ರ ಅರ್ಕ ಎರಡು ಚಮಚ, ಅನ್ನ ಪೂರ್ತಿ ನಿಲ್ಲಿಸಿ, ಸಕ್ಕರೆನೇ ಕ್ಯಾನ್ಸರ್‌ಗೆ ಊಟ. ಇನ್ನೊಂದು ಗುಟ್ಟು ಹೇಳ್ತೀನಿ, ಕೀಮೋ ಇಂಜೆಕ್ಷನ್ ಮಾಡೋದೇ ನಮ್ಮನೆ ಮುಂದೆ ಬೆಳೆಯೋ ನಿತ್ಯಪುಷ್ಪದಿಂದ. ಎಲೆ ಅರೆದು ಕೊಟ್ರೆ ಮುಗೀತು, ಕಂಪನಿಗೆ ಯಾಕೆ ದುಡ್ಡು ಹಾಕ್ತೀರ.

ದನದ_ಡಾಕ್ಟ್ರು
ನಾನು ಪಶುವೈದ್ಯ, ತಾಲೂಕು ಆಸ್ಪತ್ರೆಲಿ ಕೆಲಸ, ಹೆಚ್ಚು ದನ ಎಮ್ಮೆನೇ ನೋಡೋದು ಆದ್ರೆ ನಾಯಿನೂ ಬರ್ತವೆ. ಒಂದೊಂದಾಗಿ ಹೇಳ್ತೀನಿ.

ಹೆಗಡೆಯವ್ರೇ, ನಿಮ್ಮ ಮರಿಗೆ ಆಗಿದ್ದು ವೈರಸ್‌ನಿಂದ ಬರೋ ನರುಳ್ಳೆ. ಚಿಕ್ಕ ನಾಯಿಗಳ ಬಾಯಲ್ಲಿ ಬರುತ್ತೆ, ಮೈಲಿ ಪ್ರತಿರೋಧ ಬೆಳೆದ ಮೇಲೆ ಒಂದರಿಂದ ಮೂರು ತಿಂಗಳಲ್ಲಿ ತಾನಾಗೇ ಉದುರುತ್ತೆ, ಥೂಜಾ ಕೊಟ್ರೂ ಅಷ್ಟೇ ಕೊಡದಿದ್ರೂ ಅಷ್ಟೇ. ಮರಿಗಳಿಗೆ ಬರೋ ಹಿಸ್ಟಿಯೋಸೈಟೋಮಾ ಅನ್ನೋ ಕೆಂಪು ಗುಳ್ಳೆನೂ ಹಾಗೇ, ತಾನೇ ಹೋಗುತ್ತೆ. ವಯಸ್ಸಾದ ಲ್ಯಾಬ್‌ಗಳ ಚರ್ಮದಡಿ ಮೆತ್ತಗೆ ಸಿಗೋ ಗಂಟು ಬಹಳ ಸಲ ಬರೀ ಕೊಬ್ಬು. ಅದಕ್ಕೇ ಯಾರಾದ್ರೂ ನಮ್ ನಾಯಿ ಕ್ಯಾನ್ಸರ್ ಎಲೆ ರಸಕ್ಕೆ ಹೋಯ್ತು ಅಂದ್ರೆ ನಾನು ಮೊದಲು ಕೇಳೋದು ಸೂಜಿ ಟೆಸ್ಟ್ ರಿಪೋರ್ಟ್ ಇದ್ಯಾ ಅಂತ.

ಶಂಕ್ರಣ್ಣ, ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ಬರೋದು ನೂರಕ್ಕೆ ನೂರು ನಿಜ. ಆದ್ರೆ ಟನ್‌ಗಟ್ಟಲೆ ಒಣ ಎಲೆಯಿಂದ ಗ್ರಾಂ ಲೆಕ್ಕದಲ್ಲಿ ಸಿಗೋದು, ಅದನ್ನ ಶುದ್ಧ ಮಾಡಿ ರಕ್ತನಾಳಕ್ಕೇ ಕೊಡಬೇಕು, ನಾಳದಿಂದ ಒಂಚೂರು ಹೊರಗೆ ಸೋರಿದ್ರೂ ಆ ಜಾಗದ ಮಾಂಸ ಕೊಳೆಯುತ್ತೆ. ಎಲೆ ಅರೆದು ಕುಡ್ಸಿದ್ರೆ ಔಷಧಿ ಎಷ್ಟು ಹೋಯ್ತು ಅಂತ ಯಾರಿಗೂ ಲೆಕ್ಕ ಸಿಗಲ್ಲ, ಗಿಡದಲ್ಲಿರೋ ಬೇರೆ ವಿಷಗಳು ಮಾತ್ರ ಹೋಗುತ್ವೆ. ಲಕ್ಷ್ಮಣಫಲದ ಎಲೆ ಬೀಜದಲ್ಲಿ ಅನೋನಾಸಿನ್ ಅಂತಿದೆ, ನರಕ್ಕೆ ಕೆಟ್ಟದ್ದು. ಕೆರಿಬಿಯನ್‌ನ ಗ್ವಾಡೆಲೂಪ್‌ ದ್ವೀಪದಲ್ಲಿ ಅದರ ಹಣ್ಣು ಕಷಾಯ ಜಾಸ್ತಿ ಬಳಸೋ ಜನರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಕಂಡು ಅದಕ್ಕೆ ನಂಟು ಹಾಕಿದಾರೆ.

ಗುಂಡನಪ್ಪ, ನೀವು ತಾಯಿಯವರ ವಿಷಯ ಬರೆದಿದ್ದು ಅರ್ಥ ಆಯ್ತು. ನಾಯಿಗೆ ಕೊಡೋ ಕೀಮೋ ಬೇರೆ ಲೆಕ್ಕ. ಬೇರುಸಮೇತ ಕೀಳ್ಬೇಕು ಅಂತ ಹೊರಡಲ್ಲ, ಇರೋಷ್ಟು ದಿನ ಚೆನ್ನಾಗಿರ್ಲಿ ಅಂತ ಡೋಸ್ ಇಳಿಸೇ ಕೊಡ್ತಾರೆ. ಬಹಳಷ್ಟು ನಾಯಿಗಳು ಒಂದೆರಡು ದಿನ ಮಂಕಾಗಿ, ಸ್ವಲ್ಪ ಭೇದಿಯಾಗಿ ಎದ್ದು ಓಡಾಡ್ತವೆ. ಲ್ಯಾಬ್‌ಗೆ ಕೂದಲೂ ಅಷ್ಟಾಗಿ ಉದುರಲ್ಲ. ಏನೂ ಕೊಡದಿದ್ರೆ ಸಾಮಾನ್ಯವಾಗಿ 4ರಿಂದ 6 ವಾರ, ಬರೀ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಕೊಟ್ರೆ ಒಂದೆರಡು ತಿಂಗಳು, ಪೂರ್ತಿ ಕೀಮೋ ಆದ್ರೆ ಬಿ-ಸೆಲ್ ಅನ್ನೋ ಜಾತಿಯ ಲಿಂಫೋಮಾಗೆ ಹತ್ತಿರ ಹತ್ತಿರ ವರ್ಷ. ಟಿ-ಸೆಲ್ ಅನ್ನೋ ಇನ್ನೊಂದು ಜಾತಿ ಆದ್ರೆ ಕಮ್ಮಿ. ಒಂದು ಮಾತು ನೆನಪಿಡಿ, ಕೀಮೋ ಮಾಡ್ಸೋ ಯೋಚನೆ ಒಂಚೂರಾದ್ರೂ ಇದ್ರೆ ಅದಕ್ಕೆ ಮುಂಚೆ ಸ್ಟೀರಾಯ್ಡ್ ಶುರು ಮಾಡ್ಬೇಡಿ. ಮೊದಲು ಸ್ಟೀರಾಯ್ಡ್ ಬಿದ್ರೆ ಆಮೇಲೆ ಕೀಮೋ ಸರಿಯಾಗಿ ಹಿಡಿಯಲ್ಲ.

ಸಾವಯವ_ಶಂಕ್ರಣ್ಣ
ಡಾಕ್ಟ್ರುಗಳು ಹಿಂಗೇ ಹೇಳ್ತಾರೆ ಬಿಡಿ. ಸಾವಿರಾರು ವರ್ಷದ ವಿದ್ಯೆ ನಮ್ಮದು.

ದೇಸಾಯಿ_ಧಾರವಾಡ
ಶಂಕ್ರಣ್ಣಾರ, ನಮ್ಮದೂ ಒಂದ್ ಕಥಿ ಕೇಳ್ರಿ. ನಮ್ಮ ಓಣ್ಯಾಗ ಒಂದ್ ಹೆಣ್ಣ ನಾಯಿ, ಹಿಂದ ರಕ್ತ ಸೋರತಿತ್ತು, ಗಂಟ ಹೊರಗ ಬಂದಿತ್ತು. ಎಲ್ಲಾರೂ ಅರಿಶಿಣ ಬೇವು ಅರದ್ ಹಚ್ರಿ ಅಂದ್ರು, ಎರಡ್ ತಿಂಗಳ ಹಚ್ಚೀವ್ರಿ, ಗಂಟ ಬೆಳಕೊಂತನ ಹೋತು. ಆಮ್ಯಾಲೆ ಪಶು ಆಸ್ಪತ್ರಿಗೆ ಒಯ್ದ್ವಿ. ಡಾಕ್ಟರ್ ನೋಡಿದ ಕೂಡಲೆ ಟಿವಿಟಿ ಅಂದ್ರು, ನಾಯಿಯಿಂದ ನಾಯಿಗೆ ಕೂಡೂ ಮುಂದ ಹತ್ತೂ ಕ್ಯಾನ್ಸರಂತ. ಇದ ನಿತ್ಯಪುಷ್ಪದ್ದ ಇಂಜೆಕ್ಷನ್, ವಿನ್‌ಕ್ರಿಸ್ಟಿನ್, ವಾರಕ್ಕೊಂದರಂಗ ಐದ್ ವಾರ. ಗಂಟ ಕರಗೇ ಹೋತ್ರಿ. ಈಗ ಅಕಿ ನಮ್ಮ ಕಟ್ಟಿ ಮ್ಯಾಲೆ ಮಕ್ಕೊಂಡು ಪೇಪರ್ ಹುಡುಗನ್ನ ಅಂಜಸ್ತಾಳ. ಬೀದಿ ನಾಯಿಗೆ ಇದ್ರಷ್ಟ ಛಲೋ ಹಿಡಿಯೋ ಔಷಧ ಇಲ್ಲಂತ, ಅದಕ್ಕೂ ಕೀಮೋ ಅಂತ ಹೆಸರು.

ಹಾಸನ_ಟು_ನ್ಯೂಜೆರ್ಸಿ
ನಮ್ಮ ಗೋಲ್ಡನ್‌ಗೆ ಗುಲ್ಮದಲ್ಲಿ ಹೆಮಾಂಜಿಯೋಸಾರ್ಕೋಮಾ, ಅಂದ್ರೆ ರಕ್ತನಾಳದ ಕ್ಯಾನ್ಸರ್ ಆಗಿತ್ತು. ಇಲ್ಲಿ ಎಲ್ರೂ ಟರ್ಕಿ ಟೇಲ್ ಅಣಬೆ ಕ್ಯಾಪ್ಸೂಲ್ ಕೊಡ್ತಾರೆ, ನಾವೂ ಕೊಟ್ವಿ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಲಿ 2012ರಲ್ಲಿ 15 ನಾಯಿಗಳ ಮೇಲೆ ಮಾಡಿದ ಸಣ್ಣ ಸ್ಟಡಿ, ಅದರಲ್ಲಿ ಹೆಚ್ಚು ಡೋಸ್ ಕೊಟ್ಟ ನಾಯಿಗಳು ಜಾಸ್ತಿ ದಿನ ಬದುಕಿದ್ವು ಅಂತ ಬಂದಿದ್ದೇ ತಡ ಮಾರ್ಕೆಟ್ ತುಂಬ ಅಣಬೆ. ಆಮೇಲೆ ಜಾಸ್ತಿ ನಾಯಿಗಳ ಮೇಲೆ ಮಾಡಿ ನೋಡಿದಾಗ ಆ ಲಾಭ ಕಾಣಲಿಲ್ಲ. ನಮ್ಮವಳು ನಾಲ್ಕು ತಿಂಗಳಿದ್ಲು. ಅಣಬೆಯಿಂದಾನಾ ಅಲ್ವಾ ಯಾರಿಗ್ಗೊತ್ತು. ನನ್ ಸಮಾಧಾನಕ್ಕೆ ಕೊಟ್ಟೆ ಅಂತ ಒಪ್ಕೋತೀನಿ.

ಗಾಂಜಾ ಗಿಡದಿಂದ ತೆಗೆಯೋ ಸಿಬಿಡಿ ಎಣ್ಣೆ ಬಗ್ಗೆ ಯಾರಾದ್ರೂ ಹೇಳ್ತಾರೆ ನೋಡ್ತಿರಿ. ಸಂಧಿವಾತದ ನೋವಿಗೆ ಕಾರ್ನೆಲ್‌ನವ್ರು 2018ರಲ್ಲಿ ಮಾಡಿದ ಸ್ಟಡಿ ಚೆನ್ನಾಗಿದೆ, ಕ್ಯಾನ್ಸರ್ ಕರಗಿಸುತ್ತೆ ಅನ್ನೋದಕ್ಕೆ ಅದರಲ್ಲೇನಿಲ್ಲ. ಇಂಡಿಯಾದಲ್ಲಿ ವಿಜಯಾ ಎಲೆ ಎಣ್ಣೆ ಅಂತ ಆಯುಷ್ ಲೈಸೆನ್ಸ್‌ನಲ್ಲಿ ಸಿಗುತ್ತಲ್ಲ, ಅದರಲ್ಲಿ ಟಿಎಚ್‌ಸಿ (ಗಾಂಜಾದ ಮತ್ತೇರಿಸೋ ಅಂಶ) ಎಷ್ಟಿದೆ ಅಂತ ಬರೆದಿಲ್ದಿದ್ರೆ ಮುಟ್ಬೇಡಿ, ನಾಯಿಗೆ ಅದು ತಲೆಗೇರಿದ್ರೆ ನಿಂತ ಜಾಗದಲ್ಲೇ ಓಲಾಡಿ ಉಚ್ಚೆ ಹೊಯ್ಕೊಳ್ಳುತ್ತೆ.

ಉಳ್ಳಾಲ_ಶೈಲಕ್ಕ
ಎಂತ ಮಾರಾಯ್ರೆ ಎಲ್ಲ ಸೇರಿ ಆ ಮನುಷ್ಯನನ್ನು ಹೆದರಿಸ್ತೀರಿ. ಗುಂಡನಿಗೆ ಈಗ ಹೊಟ್ಟೆಗೆ ಎಂತ ಕೊಡ್ತಾ ಇದ್ದೀರಿ ಅದು ಹೇಳಿ. ನಮ್ಮ ನಾಯಿಗೆ ಮೊಲೆಯಲ್ಲಿ ಗಡ್ಡೆ ಆಗಿ ಆಪರೇಷನ್ ಆದ ಮೇಲೆ ನಾನು ಬೂತಾಯಿ ಮೀನು ಕೊಟ್ಟೆ. ಉಪ್ಪು ಖಾರ ಹಾಕದೆ ಕುಕ್ಕರಲ್ಲಿ ಮುಳ್ಳು ಮೆತ್ತಗೆ ಪುಡಿ ಆಗುವವರೆಗೆ ಬೇಯಿಸಿ, ಅದೇ ನೀರಲ್ಲಿ ಅನ್ನ ಕಲಸಿ. ಮೀನಿನ ಎಣ್ಣೆ ಒಳ್ಳೆಯದು ಅಂತ ನಮ್ಮ ಡಾಕ್ಟ್ರೂ ಹೇಳಿದ್ರು, ಮೈ ಇಳಿಯುವುದು ಸ್ವಲ್ಪ ತಡೆಯುತ್ತೆ ಅಂತೆ. ಆದ್ರೆ ಕಾಡ್ ಲಿವರ್ ಆಯಿಲ್ ಬೇರೆ, ಅದು ಡಬ್ಬಗಟ್ಟಲೆ ಕೊಟ್ರೆ ವಿಟಮಿನ್ ಎ ಹೆಚ್ಚಾಗ್ತದೆ. ಬೆಳ್ಳುಳ್ಳಿ ಕ್ಯಾನ್ಸರ್‌ಗೆ ಒಳ್ಳೆಯದು ಅಂತ ನನ್ನ ನಾದಿನಿ ಒಂದು ಗಡ್ಡೆ ಜಜ್ಜಿ ಹಾಕಿಯೇ ಬಿಟ್ಟಿದ್ಲು, ನಾನು ಬಟ್ಟಲು ಕಿತ್ಕೊಂಡೆ. ನೀರುಳ್ಳಿ ಬೆಳ್ಳುಳ್ಳಿ ಎರಡೂ ನಾಯಿಯ ರಕ್ತ ಕೆಡಿಸ್ತದೆ. ಒಣದ್ರಾಕ್ಷಿಯೂ ಬೇಡ, ಕಿಡ್ನಿಗೆ ಹೋಗ್ತದೆ.

ಗುಂಡನಪ್ಪ_ದಾವಣಗೆರೆ
ಎಲ್ರಿಗೂ ಥ್ಯಾಂಕ್ಸ್. ದಾವಣಗೆರೆಲಿ ಒಳ್ಳೆ ಬೂತಾಯಿ ಎಲ್ಲಿ ಸಿಗುತ್ತೆ ಶೈಲಕ್ಕ, ಮಂಗಳೂರು ಲೋಡ್ ಬರೋ ದಿನ ಕೇಳ್ಕೊಂಡ್ ಬಂದೆ. ನಮ್ಮದು ಮಾಂಸ ಮೀನು ಒಳಗೆ ಬರದ ಮನೆ, ಹಿತ್ತಲಲ್ಲಿ ಇಟ್ಟಿಗೆ ಒಲೆ ಹೂಡಿ ಬೇಯಿಸ್ತಿದೀನಿ, ನನ್ ಹೆಂಡ್ತಿ ಮೂಗು ಮುಚ್ಕೊಂಡು ಊದುಗೊಳವೆ ಕೊಟ್ಟು ಹೋಗ್ತಾಳೆ. ಗುಂಡ ಮಾತ್ರ ಬಟ್ಟಲು ನೆಕ್ಕಿ ನೆಕ್ಕಿ ಜಗಲಿ ತುಂಬ ಉರುಳಾಡಿಸ್ತಾನೆ.

ಶಿವಮೊಗ್ಗ ಜಿಲ್ಲೆ ಆನಂದಪುರದ ಹತ್ರ ನರಸೀಪುರದಲ್ಲಿ ಮನುಷ್ಯರ ಕ್ಯಾನ್ಸರ್‌ಗೆ ಚಕ್ಕೆ ಔಷಧಿ ಕೊಡ್ತಿದ್ರಲ್ಲ, ಅದನ್ನ ನಾಯಿಗೆ ಕೊಡಬಹುದಾ ಅಂತ ನಮ್ಮಾವ ಕೇಳ್ತಿದ್ರು.

ದನದ_ಡಾಕ್ಟ್ರು
ಮನುಷ್ಯರಿಗೆ ಅಂತ ಕೊಡೋದನ್ನ ತೂಕ ಭಾಗಿಸಿ ನಾಯಿಗೆ ಕೊಡೋಕಾಗಲ್ಲ ಸರ್, ನಾಯಿಯ ಲಿವರ್ ನಡೆಯೋ ರೀತಿನೇ ಬೇರೆ. ನಮಗೆ ತಲೆನೋವಿಗೆ ತಗೊಳ್ಳೋ ಐಬುಪ್ರೊಫೆನ್ ನಾಯಿ ಹೊಟ್ಟೇಲಿ ಹುಣ್ಣು ಮಾಡಿ ಕಿಡ್ನಿ ಹಾಳು ಮಾಡುತ್ತೆ. ಯಾವ ಮರದ ಚಕ್ಕೆ ಎಷ್ಟಿದೆ ಅಂತ ಗೊತ್ತಿಲ್ಲದ್ದಕ್ಕೆ ನಾನು ಹೂಂ ಅನ್ನಲಾರೆ.

ಗುಂಡನಪ್ಪ_ದಾವಣಗೆರೆ
(ಹನ್ನೆರಡು ದಿನ ಆದ್ಮೇಲೆ)
ಒಳ್ಳೆ ಸುದ್ದಿ! ಪಕ್ಕದ ಜಿಲ್ಲೇಲಿ ಒಬ್ರು ನಾಟಿ ಪುಡಿ ಕೊಡ್ತಾರೆ ಅಂತ ಮಂಡಿಗೆ ಬರೋ ರೈತರೊಬ್ರು ಹೇಳಿದ್ರು, ಹೋಗಿ ತಂದೆ. ಬರೀ ಬೇರು ನಾರು, ಯಾವ ಇಂಗ್ಲಿಷ್ ಔಷಧಿನೂ ಸೇರಿಲ್ಲ ಅಂದ್ರು. ನಂಬಲ್ಲ ನೀವು, ನಾಲ್ಕೇ ದಿನಕ್ಕೆ ದವಡೆ ಗಂಟು ಅರ್ಧ ಆಯ್ತು! ಹಸಿವು ಎಂಥದ್ದು ಅಂತೀರ, ಊಟ ಆಗಿ ಹತ್ತು ನಿಮಿಷಕ್ಕೆ ಮತ್ತೆ ಬಟ್ಟಲು ಕಚ್ಕೊಂಡು ಬರ್ತಾನೆ. ನೀರು ಬಕೆಟ್‌ಗಟ್ಟಲೆ. ರಾತ್ರಿ ಎರಡು ಸಲ ಮನೆ ಹಾಲ್‌ನಲ್ಲೇ ಉಚ್ಚೆ ಮಾಡಿದಾನೆ ಪಾಪ, ಹಾಗೆ ಯಾವತ್ತೂ ಮಾಡಿದೋನಲ್ಲ, ಆದ್ರೂ ಪರವಾಗಿಲ್ಲ. ಅಮ್ಮ ಇದ್ದಾಗ ಈ ಪುಡಿ ಸಿಕ್ಕಿದ್ರೆ ಅನ್ನಿಸ್ತು.

ಸಾವಯವ_ಶಂಕ್ರಣ್ಣ
ನಾನು ಹೇಳ್ಲಿಲ್ವಾ! ವಿಳಾಸ ಹಾಕಿ ಎಲ್ರಿಗೂ ಉಪಯೋಗ ಆಗ್ಲಿ.

ದನದ_ಡಾಕ್ಟ್ರು
ಗುಂಡನಪ್ಪ, ದಯವಿಟ್ಟು ಕೋಪ ಮಾಡ್ಕೋಬೇಡಿ. ಲಿಂಫೋಮಾ ಗಂಟು ನಾಲ್ಕು ದಿನಕ್ಕೆ ಅರ್ಧ ಆಗೋದು, ವಿಪರೀತ ಹಸಿವು, ವಿಪರೀತ ಬಾಯಾರಿಕೆ, ಮನೆಯೊಳಗೆ ಉಚ್ಚೆ. ನೀವು ಬರೆದಿದ್ದು ಸ್ಟೀರಾಯ್ಡ್ ಬಿದ್ದ ನಾಯಿಯ ವರ್ಣನೆ, ಅಕ್ಷರ ಅಕ್ಷರ. ನಾಟಿ ಪುಡಿಗೆ ಪ್ರೆಡ್ನಿಸೋಲೋನೋ ಡೆಕ್ಸಾಮೆಥಾಸೋನೋ ಮಾತ್ರೆ ಅರೆದು ಸೇರ್ಸೋದು ಹೊಸ ಕಸುಬಲ್ಲ, ಮಂಡಿನೋವಿನ ಪುಡಿ, ದಮ್ಮಿನ ಪುಡಿಯಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಲಿಂಫೋಮಾದಲ್ಲಿ ಕ್ಯಾಲ್ಸಿಯಂ ಏರಿದ್ರೂ ನೀರು ಜಾಸ್ತಿ ಕುಡಿಯುತ್ತೆ, ಆದ್ರೆ ಆಗ ಹಸಿವು ಸತ್ತಿರುತ್ತೆ. ನಾಳೆನೇ ರಕ್ತ ಪರೀಕ್ಷೆ ಮಾಡ್ಸಿ, ಕ್ಯಾಲ್ಸಿಯಂ, ಎಎಲ್‌ಪಿ (ಸ್ಟೀರಾಯ್ಡ್ ಬಿದ್ರೆ ಏರೋ ಲಿವರ್ ಎನ್‌ಜೈಮ್), ಬ್ಲಡ್ ಕೌಂಟ್. ಪುಡಿನ ದಿಢೀರ್ ಅಂತ ನಿಲ್ಲಿಸಬೇಡಿ, ಒಳಗೆ ಸ್ಟೀರಾಯ್ಡ್ ಇದ್ರೆ ಒಮ್ಮೆಗೇ ಬಿಟ್ಟಾಗ ನಾಯಿ ಕುಸಿಯಬಹುದು, ಪೊಟ್ಟಣ ತಗೊಂಡೇ ನಿಮ್ಮ ಡಾಕ್ಟ್ರ ಹತ್ರ ಹೋಗಿ. ನೋವಿಗೆ ಅಂತ ಮೆಲೋಕ್ಸಿಕಾಮ್ ಅದರ ಜೊತೆ ಕೊಡಲೇಬೇಡಿ, ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗುತ್ತೆ.

ಜಯನಗರದ_ಜ್ಯೋತಿ
ನೇರ ಮಾತಾಡ್ತೀನಿ, ಬೇಜಾರಾದ್ರೂ ಪರ್ವಾಗಿಲ್ಲ. ಇಂಥ ಪುಡಿ ಮಾರೋರಿಗೆ ನಾಚಿಕೆ ಆಗ್ಬೇಕು. ನಾನು 14 ವರ್ಷದಿಂದ ಬೀದಿ ನಾಯಿಗಳಿಗೆ ಊಟ ಹಾಕ್ತಿದೀನಿ, ಎಷ್ಟು ನಾಯಿಗಳನ್ನ ಕೊನೇ ಹಂತದಲ್ಲಿ ನನ್ ಹತ್ರ ತಂದು ಬಿಡ್ತಾರೆ, ಕೇಳಿದ್ರೆ ಮೂರು ತಿಂಗಳು ಅರಿಶಿನ ಹಚ್ಚಿದ್ವಿ ಮೇಡಂ ಅಂತಾರೆ. ಮೊಲೆ ಗಡ್ಡೆ ಗೋಲಿಯಷ್ಟಿದ್ದಾಗ ಕತ್ತರಿಸಿದ್ರೆ ಮುಗಿಯೋದು, ತೆಂಗಿನಕಾಯಿಯಷ್ಟಾಗಿ ಒಡೆದು ಹುಳ ಬಿದ್ದ ಮೇಲೆ ಬರ್ತಾರೆ. ಶಂಕ್ರಣ್ಣ ವಿಳಾಸ ಕೇಳ್ತಿದಾರೆ ನೋಡಿ.

ಉಳ್ಳಾಲ_ಶೈಲಕ್ಕ
ಜ್ಯೋತಿ, ಅವರು ನಾಯಿ ಮೇಲಿನ ಪ್ರೀತಿಗೆ ಮಾಡಿದ್ದು. ಸ್ವಲ್ಪ ಮೆಲ್ಲ.

ಗುಂಡನಪ್ಪ_ದಾವಣಗೆರೆ
ರಿಪೋರ್ಟ್ ಬಂತು. ಕ್ಯಾಲ್ಸಿಯಂ ಸರಿಯಾಗಿದೆ, ಎಎಲ್‌ಪಿ ಮಾತ್ರ ಏರಿ ಎಲ್ಲೋ ಹೋಗಿದೆ. ನಮ್ ಡಾಕ್ಟ್ರು ಪೊಟ್ಟಣ ಬಿಚ್ಚಿ ಬಿಳಿ ಕಾಗದದ ಮೇಲೆ ಹರಡಿದ್ರು, ಕಂದು ಪುಡಿ ಮಧ್ಯೆ ಬೆಳ್ಳಗೆ ಸಣ್ಣ ಸಣ್ಣ ಚೂರು. ಲ್ಯಾಬ್‌ಗೆ ಕಳಿಸದೆ ಏನೂ ಹೇಳೋಕಾಗಲ್ಲ ಅಂದ್ರು, ಆದ್ರೆ ಅವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಪುಡಿ ಕೊಟ್ಟೋರಿಗೆ ಫೋನ್ ಮಾಡಿದೆ, ನಾಯಿಗೆ ಗುಣ ಆಗ್ತಿದೆ ತಾನೆ ಮತ್ಯಾಕೆ ಈ ಪ್ರಶ್ನೆ ಅಂತ ಕಟ್ ಮಾಡಿದ್ರು.

ಜ್ಯೋತಿ ಮೇಡಂ ಹೇಳಿದ್ದು ತಪ್ಪಿಲ್ಲ. ಕೀಮೋ ವಿಷ ಬೇಡ ಅಂತ ಓಡಿಹೋಗಿ, ಅದೇ ಕೀಮೋದಲ್ಲಿ ಕೊಡೋ ಒಂದು ಮಾತ್ರೆನ ಅಳತೆಯಿಲ್ಲದೆ ನಾನೇ ಕೈಯಾರೆ ಬೆಲ್ಲದಲ್ಲಿಟ್ಟು ತಿನ್ನಿಸಿದೀನಿ. ಮೂರು ದಿನ ಮಂಡಿಲಿ ಲೆಕ್ಕ ಎಲ್ಲಾ ತಪ್ಪು ಬರ್ದೆ.

ದನದ_ಡಾಕ್ಟ್ರು
ಸರ್, ಆಗಿದ್ದು ಆಯ್ತು, ದಾರಿ ಮುಚ್ಚಿಲ್ಲ. ಬೆಂಗಳೂರಿಗೆ ಪದೇ ಪದೇ ಹೋಗೋಕಾಗಲ್ಲ ಅಂದ್ರಿ. ಹೆಬ್ಬಾಳದ ವೆಟರ್ನರಿ ಕಾಲೇಜಲ್ಲೋ ಬೇರೆ ಕಡೆನೋ ಒಂದು ಸಲ ತೋರ್ಸಿ, ಆಮೇಲೆ ನಿಮ್ಮೂರಿನ ಡಾಕ್ಟ್ರೇ ಫೋನಲ್ಲಿ ಅವರ ಜೊತೆ ಮಾತಾಡ್ಕೊಂಡು ನಡೆಸಬಹುದು. ಲೋಮಸ್ಟಿನ್ ಅಂತ ಬಾಯಲ್ಲಿ ಕೊಡೋ ಕ್ಯಾಪ್ಸೂಲ್ ಇದೆ, ಮೂರು ವಾರಕ್ಕೊಂದು ಸಲ. ಪೂರ್ತಿ ಕೀಮೋದಷ್ಟು ಬಲ ಇಲ್ಲ, ಸ್ಟೀರಾಯ್ಡ್ ಬೇರೆ ಮೊದಲೇ ಬಿದ್ದಿದೆ, ಆದ್ರೂ ಏನೂ ಇಲ್ಲದಕ್ಕಿಂತ ಎಷ್ಟೋ ವಾಸಿ. ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಲಿವರ್ ನೋಡ್ತಿರಬೇಕು. ಕ್ಯಾಪ್ಸೂಲ್ ಬಿಚ್ಚಬೇಡಿ, ಕೊಡುವಾಗ ಗ್ಲೌಸ್ ಹಾಕ್ಕೊಳ್ಳಿ, ಎರಡು ಮೂರು ದಿನ ಅವನ ಉಚ್ಚೆ ಕಕ್ಕ ತೆಗಿಯೋಕೂ ಗ್ಲೌಸ್, ಮನೇಲಿ ಬಸುರಿ ಬಾಣಂತಿ ಇದ್ರೆ ಅವರು ಮುಟ್ಟೋದು ಬೇಡ. ಹಸಿ ಮಾಂಸ ಕೊಡಬೇಡಿ ಈ ಸಮಯದಲ್ಲಿ.

ಇನ್ನು ಅಶ್ವಗಂಧ, ಅಮೃತಬಳ್ಳಿ, ಅರಿಶಿನ ಏನು ಕೊಡ್ತಿದ್ರೂ ಮುಚ್ಚಿಡದೆ ಹೇಳಿ. ಬೈಯೋಕೆ ಕೇಳ್ತಿಲ್ಲ. ಅಮೃತಬಳ್ಳಿಯಿಂದ ಮನುಷ್ಯರಿಗೇ ಲಿವರ್ ಕೆಟ್ಟ ಕೇಸುಗಳಿವೆ, ಲೋಮಸ್ಟಿನ್ ಕೂಡ ಲಿವರ್ ಮೇಲೇ ಹೋಗುತ್ತೆ, ಎರಡೂ ಸೇರಿದ್ರೆ ಯಾವುದರಿಂದ ಆಯ್ತು ಅಂತ ನಮಗೆ ತಿಳಿಯಲ್ಲ.

ಗುಂಡನಪ್ಪ_ದಾವಣಗೆರೆ
ಅರಿಶಿನ ಮೆಣಸು ಕೊಬ್ಬರಿ ಎಣ್ಣೆ ಕಲಸಿ ಕೊಡ್ತಿದ್ದೆ, ಅದನ್ನೂ ಹೇಳ್ದೆ ಡಾಕ್ಟ್ರಿಗೆ. ಅನ್ನದ ಜೊತೆ ಚಿಟಿಕೆ ಇರ್ಲಿ, ಚಮಚಗಟ್ಟಲೆ ಬೇಡ, ಪ್ಲೇಟ್‌ಲೆಟ್ ಕಮ್ಮಿ ಇದ್ದಾಗ ರಕ್ತ ಹೆಪ್ಪುಗಟ್ಟೋಕೆ ಅಡ್ಡಿ ಆಗಬಹುದು ಅಂದ್ರು. ಪಕ್ಕದ್ಮನೆಯವರ ಓಮ್ನಿಲಿ ಬೆಂಗಳೂರಿಗೆ ಹೋಗ್ ಬಂದ್ವಿ. ತುಮಕೂರು ಹತ್ರ ತಟ್ಟೆ ಇಡ್ಲಿಗೆ ನಿಲ್ಲಿಸಿದ್ರೆ ಹೋಟೆಲ್‌ನವ್ರು ಗುಂಡನಿಗೆ ಅಂತ ಎರಡು ಇಡ್ಲಿ ಸುಮ್ನೆ ಕೊಟ್ರು. ಮೊದಲ ಕ್ಯಾಪ್ಸೂಲ್ ಆಯ್ತು. ನಾನು ರಾತ್ರಿಯಿಡೀ ಅವನ ಪಕ್ಕ ಬಕೆಟ್ ಇಟ್ಕೊಂಡು ಕೂತಿದ್ದೆ ಅಮ್ಮನ ಹತ್ರ ಕೂತಂಗೆ. ಅವನು ಗೊರಕೆ ಹೊಡೀತಿದ್ದ. ಬೆಳಗ್ಗೆ ಎದ್ದು ಪೇಪರ್ ಹರಿದ.

ಹಾಸನ_ಟು_ನ್ಯೂಜೆರ್ಸಿ
ಸರ್, ನಮಗೆ ಇಲ್ಲಿನ ಡಾಕ್ಟರ್ ಒಂದು ಉಪಾಯ ಹೇಳ್ಕೊಟ್ಟಿದ್ರು. ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿನಾ, ಈ ಏಳಕ್ಕೂ ಹತ್ತರ ಮೇಲೆ ಮಾರ್ಕ್ಸ್ ಹಾಕೋದು, 35ಕ್ಕಿಂತ ಮೇಲಿದ್ರೆ ಸದ್ಯಕ್ಕೆ ನಡೀತಿದೆ ಅಂತ. ಮನಸ್ಸು ಸುಳ್ಳು ಹೇಳುತ್ತೆ, ಬರೆದಿಟ್ಟಿದ್ದು ಹೇಳಲ್ಲ.

ಗುಂಡನಪ್ಪ_ದಾವಣಗೆರೆ
ಇದು ನನಗೆ ಹೇಳಿ ಮಾಡಿಸಿದ ಕೆಲಸ, ಮಂಡಿಯ ಹಳೇ ಖಾತೆ ಪುಸ್ತಕದಲ್ಲಿ ಶುರು ಮಾಡಿದೆ. ಇವತ್ತು 58.

ಗುಂಡನಪ್ಪ_ದಾವಣಗೆರೆ
(ಎರಡು ತಿಂಗಳು ಆದ್ಮೇಲೆ)
ಮಧ್ಯೆ ಬರಿಯೋಕಾಗ್ಲಿಲ್ಲ, ಕ್ಷಮಿಸಿ. ಎರಡನೇ ಕ್ಯಾಪ್ಸೂಲ್ ಆದ ವಾರ ಬಿಳಿ ಕಣ ಬಹಳ ಇಳಿದು ಜ್ವರ ಬಂತು, ಆಂಟಿಬಯೋಟಿಕ್ ಕೊಟ್ಟು ಸರಿ ಹೋಯ್ತು, ಮೂರನೇದು ತಡ ಮಾಡಿ ಕಮ್ಮಿ ಡೋಸ್‌ನಲ್ಲಿ ಕೊಟ್ರು. ಏಳೆಂಟು ವಾರ ಗಂಟು ಕೈಗೇ ಸಿಗ್ತಿರಲಿಲ್ಲ. ಜಗಲಿ ಮೆಟ್ಟಿಲು ಹತ್ತೋಕೆ ಕಷ್ಟ ಪಡ್ತಿದ್ದ, ಹಳೇ ಬಾಗಿಲಿನ ಹಲಗೆಗೆ ಗೋಣಿಚೀಲ ಹೊಡೆದು ಇಳಿಜಾರು ಮಾಡ್ದೆ. ಅಮ್ಮನ ಕೌದಿ ಹಾಸಿದೀವಿ, ಅದರ ಮೇಲೆ ಬಿಟ್ರೆ ಬೇರೆಲ್ಲೂ ಮಲಗಲ್ಲ. ಬೂತಾಯಿ ನಡೀತಿದೆ, ಈಗ ನನ್ ಹೆಂಡ್ತಿನೇ ಒಲೆ ಹಚ್ತಾಳೆ.

ಹೋದ ವಾರ ದವಡೆ ಗಂಟು ಮತ್ತೆ ಬಂದಿದೆ. ಖಾತೆ ಪುಸ್ತಕದಲ್ಲಿ 41, 38, 40.

ದೇಸಾಯಿ_ಧಾರವಾಡ
ಅಣ್ಣಾರ, ದಿನಾ ಬಂದು ಬರೀರಿ. 41 ಇದ್ರೂ ಬರೀರಿ, 20 ಇದ್ರೂ ಬರೀರಿ.

ಸಾವಯವ_ಶಂಕ್ರಣ್ಣ
ಗುಂಡನಪ್ಪ, ಆವತ್ತು ವಿಳಾಸ ಕೇಳಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ. ನಮ್ ತೋಟದಲ್ಲಿ ಎಳನೀರು ಬೇಕಾದಷ್ಟಿದೆ, ಊಟ ಬಿಟ್ಟಾಗ ಕುಡಿತಾನೇನೋ. ಬಸ್ಸಿಗೆ ಹಾಕಿ ಕಳಿಸ್ಲಾ? ಡಾಕ್ಟ್ರೇ, ಎಳನೀರು ಕೊಡಬಹುದಾ?

ದನದ_ಡಾಕ್ಟ್ರು
ಕಿಡ್ನಿ ಸರಿ ಇರೋವರೆಗೆ ಅರ್ಧ ಲೋಟ ಕೊಡಬಹುದು ಶಂಕ್ರಣ್ಣ, ಪೊಟ್ಯಾಸಿಯಂ ಇರುತ್ತೆ, ಜಾಸ್ತಿ ಬೇಡ. ಕಳ್ಸಿ.

ಗುಂಡನಪ್ಪ_ದಾವಣಗೆರೆ
ಎಳನೀರು ಬಂತು ಶಂಕ್ರಣ್ಣ. ಕುಡಿದ. ಅದಾಗಿ ಹನ್ನೊಂದು ದಿನ ಇದ್ದ.

ಶನಿವಾರ 29, ಭಾನುವಾರ 22. ಗಂಟು ಗಂಟಲು ಒತ್ತಿ ಉಸಿರು ಕೊರ್ ಕೊರ್ ಅಂತಿತ್ತು, ಬೂತಾಯಿ ಬಟ್ಟಲ ಕಡೆ ನೋಡಿ ಮುಖ ತಿರುಗಿಸ್ದ. ಸೋಮವಾರ ಡಾಕ್ಟ್ರು ಮನೆಗೇ ಬಂದ್ರು. ಮೊದಲು ನಿದ್ದೆ ಬರೋ ಇಂಜೆಕ್ಷನ್, ಆಮೇಲೆ ಇನ್ನೊಂದು. ಕೌದಿ ಮೇಲೇ. ನನ್ ಹೆಂಡ್ತಿ ತಲೆ ತೊಡೆ ಮೇಲಿಟ್ಕೊಂಡಿದ್ಲು, ನಾನು ಕಾಲು ಹಿಡ್ಕೊಂಡಿದ್ದೆ. ಚನ್ನಗಿರಿ ಹತ್ರ ಮಾವನ ತೋಟದಲ್ಲಿ ಮಣ್ಣು ಮಾಡಿದ್ವಿ. ಕೌದಿನೂ ಜೊತೆಗೆ ಹಾಕಿದ್ವಿ, ಅಮ್ಮ ಬೇಡ ಅಂತಿರಲಿಲ್ಲ.

ಉಳ್ಳಾಲ_ಶೈಲಕ್ಕ
ಅಯ್ಯೋ ನನ್ನ ಗುಂಡಾ. ನೀವಿಬ್ಬರೂ ಊಟ ಮಾಡಿದ್ರಾ?

ಹರಿಹರದ_ಪಿಂಕಿ
ಎಲ್ಲ ಓದಿದೆ, ಅಳು ಬಂತು. ಈ ಹೊತ್ತಲ್ಲಿ ಕೇಳೋದು ಸರಿಯಲ್ಲ ಅಂತ ಗೊತ್ತು, ಆದ್ರೂ ನಮ್ ಪಿಂಕಿಗೂ ಹೊಟ್ಟೆ ಕೆಳಗೆ ಗಂಟಿದೆ, 7 ವರ್ಷ, ಮರಿ ಆಗದ ಆಪರೇಷನ್ ಆಗಿಲ್ಲ, ಒಬ್ರು ಕಂದು ಬಣ್ಣದ ಪುಡಿ ಕೊಟ್ಟಿದಾರೆ. ಇವತ್ತು ರಾತ್ರಿಯಿಂದ ಶುರು ಮಾಡಿ ಅಂದಿದಾರೆ.

ಗುಂಡನಪ್ಪ_ದಾವಣಗೆರೆ
ಗಂಟು ಮೊಲೆ ಹತ್ರನಾ, ಒಂದೇನಾ, ಎಷ್ಟು ದಪ್ಪ? ಪುಡಿ ಮುಚ್ಚಿಡಿ, ಬಿಸಾಕ್ಬೇಡಿ, ಡಾಕ್ಟ್ರಿಗೆ ತೋರಿಸ್ಬೇಕು. ಹರಿಹರದಿಂದ ಇಲ್ಲಿಗೆ ಅರ್ಧ ಗಂಟೆ, ನಾಳೆ ಬೆಳಗ್ಗೆ ಕರ್ಕೊಂಡ್ ಬನ್ನಿ, ನಮ್ ಡಾಕ್ಟ್ರ ಹತ್ರ ನಾನೂ ಬರ್ತೀನಿ. ಹಲಗೆ ಒಂದು ಹಾಗೇ ಬಿದ್ದಿದೆ, ಕಾರು ಹತ್ತಿಸೋಕೆ ಬೇಕಾಗುತ್ತೆ, ತರ್ತೀನಿ.